ಒಳಗಾಜಿನ ಹೆಬ್ಬೆಟ್ಟು

ಸಕಾತಾ, ಯಮಗಾತಾ
8 ಅಕ್ಟೋಬರ್ 2021, ಶುಕ್ರವಾರ

ಕುಸುದಾ ಕೆನ್‌ಸಾಕು ಅವರಿಗೆ,

ಗುರುತು ಪರಿಚಯವಿಲ್ಲದವಳು ಹೀಗೆ ನೇರವಾಗಿ ಬರೆಯುತ್ತಿದ್ದೇನೆ, ಕ್ಷಮೆಯಿರಲಿ. ಹಳೆಯ ಕ್ಯಾಮೆರಾ ಲೆನ್ಸುಗಳನ್ನು ಬಿಚ್ಚಿ ಸರಿಮಾಡಿಕೊಡುವವರು ಟೋಕಿಯೊದ ಇತಾಬಾಶಿಯಲ್ಲಿ ಇನ್ನೂ ಒಬ್ಬರಿದ್ದಾರೆ ಎಂದು ನನ್ನ ಅಕ್ಕನ ಮಗಳು ಚಿಹಾರು ಫೋನಿನಲ್ಲಿ ಹುಡುಕಿ ಹೇಳಿದಳು. ಆ ವಿಳಾಸಕ್ಕೇ ಇಂದು ಬೆಳಗ್ಗೆ ಕೊರಿಯರಿನಲ್ಲಿ ಒಂದು ಲೆನ್ಸ್ ಕಳಿಸಿದ್ದೇನೆ.

ಈ ಪತ್ರವನ್ನು ಅದೇ ಡಬ್ಬಿಯೊಳಗೆ ಇಟ್ಟಿದ್ದೆ. ಕೌಂಟರಿನಲ್ಲಿದ್ದವನು, "ಒಳಗೆ ಪತ್ರ ಏನಾದ್ರೂ ಇದೆಯಾ ಅಮ್ಮಾ?" ಎಂದು ಕೇಳಿದ. ಇದೆ ಅಂದೆ. "ಹಾಗಾದ್ರೆ ತೆಗೀಬೇಕಾಗತ್ತೆ. ಪತ್ರ ಅಂಚೆಯವರೇ ಒಯ್ಯಬೇಕು, ನಾವು ಒಯ್ದ್ರೆ ಕಾನೂನಿಗೆ ವಿರುದ್ಧ." ನನ್ನ ಹಿಂದೆ ನಿಂತಿದ್ದವರು, "ಇಲ್ಲ ಅಂದಿದ್ರೆ ಮುಗೀತಿತ್ತು, ಯಾರು ಬಿಚ್ಚಿ ನೋಡ್ತಾರೆ" ಎಂದು ನಕ್ಕರು. ಕೇಳಿದ ಮೇಲೆ ಇಲ್ಲ ಅನ್ನುವುದು ಹೇಗೆ? ಟೇಪು ಕಿತ್ತು ಪತ್ರ ಹೊರಗೆ ತೆಗೆದೆ. ಈಗ ಅಂಚೆಗೆ ಹಾಕುತ್ತಿದ್ದೇನೆ. ಲೆನ್ಸಿನ ಬೆನ್ನಿಗೇ ಇದೂ ತಲುಪುತ್ತದೆ ಎಂದುಕೊಂಡಿದ್ದೇನೆ.

ಐವತ್ತೈದು ಮಿಲಿಮೀಟರಿನ ಲೆನ್ಸ್. ಮಾಡಿದ ಕಂಪನಿ ಮುಚ್ಚಿ ಎಷ್ಟೋ ವರ್ಷವಾಯಿತು. ಮುಂದಿನ ಗಾಜಿನಲ್ಲಿ ಬೂಷ್ಟು ಹಿಡಿದಿದೆ, ತಿರುಗಿಸುವ ಬಳೆ ಬಿಗಿದುಕೊಂಡಿದೆ. ಇವೆರಡನ್ನೂ ಸರಿಮಾಡಿಕೊಡಿ. ಆದರೆ ಮುಂದಿನಿಂದ ಎರಡನೆಯ ಗಾಜಿನ ಒಳಮೈಯಲ್ಲಿ ಒಂದು ಹೆಬ್ಬೆಟ್ಟಿನ ಗುರುತಿದೆ. ದೀಪಕ್ಕೆ ಓರೆಯಾಗಿ ಹಿಡಿದರೆ ಕಾಣುತ್ತದೆ. ಅದನ್ನು ಮಾತ್ರ ಮುಟ್ಟಬೇಡಿ.

ಅದು ನಮ್ಮವರದು. ಒಂದು ಭಾನುವಾರ ಸುಮ್ಮನೆ ಕೂರಲಾರದೆ ತಾವೇ ಲೆನ್ಸ್ ಬಿಚ್ಚಿ, ಒರೆಸಿ, ಮುಚ್ಚಿದ ಮೇಲೆ ನೋಡಿಕೊಂಡು, "ಥತ್, ಒಳಗೆ ನಾನೇ ಉಳ್ಕೊಂಡ್ಬಿಟ್ನಲ್ಲೇ" ಎಂದು ನಕ್ಕಿದ್ದರು. ಈಗ ಕೆಲಸದ ಮೇಲೆ ದೂರದ ಊರಿನಲ್ಲಿದ್ದಾರೆ. ಬಂದಾಗ ಅದಿಲ್ಲದಿದ್ದರೆ ಅವರಿಗೆ ಏನು ಹೇಳಲಿ? ದಯವಿಟ್ಟು ನೆನಪಿಡಿ.

ಇಸೊಗಾಯಿ ಹತ್ಸುಎ

---

ಇತಾಬಾಶಿ, ಟೋಕಿಯೊ
12 ಅಕ್ಟೋಬರ್ 2021, ಮಂಗಳವಾರ

ಇಸೊಗಾಯಿ ಅವರಿಗೆ,

ಈ ಪತ್ರವನ್ನು ನಾನು ಅಂಚೆಗೆ ಹಾಕುವುದಿಲ್ಲ. ಬರೆದು ಬೆಂಚಿನ ಖಾನೆಗೆ ಸೇರಿಸುತ್ತೇನೆ. ಎಲ್ಲಾದರೂ ಒಂದು ಕಡೆ ನಿಜ ಬರೆದಿಡದೆ ಮುಂದಿನ ಕೆಲಸಕ್ಕೆ ಕೈ ಏಳುತ್ತಿಲ್ಲ.

ನಿಮ್ಮ ಲೆನ್ಸ್ ಶನಿವಾರ ಬಂತು. ಪತ್ರ ಇವತ್ತು ಬಂತು. ಈ ತಿಂಗಳಿಂದ ಅಂಚೆಯವರು ಶನಿವಾರ ಕಾಗದ ಹಂಚುವುದನ್ನು ನಿಲ್ಲಿಸಿದ್ದಾರೆ. ತಪ್ಪನ್ನು ಅವರ ತಲೆಗೆ ಕಟ್ಟಬಹುದಿತ್ತು, ಆದರೆ ನಾನು ಗಿರಾಕಿಯ ಕಾಗದಕ್ಕೆ ಕಾಯುವ ಮನುಷ್ಯನೇ ಅಲ್ಲ. ಲೆನ್ಸಿಗೆ ಏನಾಗಿದೆ ಎಂದು ಗಾಜು ಹೇಳುವಷ್ಟು ಚೆನ್ನಾಗಿ ಅದರ ಯಜಮಾನ ಹೇಳಿದ್ದನ್ನು ನಲವತ್ತೆಂಟು ವರ್ಷದಲ್ಲಿ ಕಂಡಿಲ್ಲ.

ಹೆಬ್ಬೆಟ್ಟು ಕಂಡಿತು. "ಯಾವನೋ ಅಡ್ಡಕಸುಬಿ, ಬೆರಳುಗವಸು ಹಾಕ್ಕೊಳ್ದೆ ಕೈಯಿಟ್ಟಿದ್ದಾನೆ" ಎಂದು ಹೆಂಡತಿ ಯಾಸುಯೊಗೂ ಕೇಳುವಂತೆ ಬೈದೆ. ಒರೆಸಿದರೆ ಹೋಗಲಿಲ್ಲ. ಬೆವರು ಗಾಜಿನ ಲೇಪವನ್ನೇ ತಿಂದು ಒಳಗಿಳಿದಿತ್ತು. ಇಂಥದ್ದನ್ನು ಬಿಟ್ಟುಬಿಡುವುದು ನನ್ನ ಜಾಯಮಾನದಲ್ಲಿಲ್ಲ. ಉಜ್ಜುವ ಪುಡಿ ಕಲಸಿ, ಶನಿವಾರ ಮಧ್ಯಾಹ್ನವೆಲ್ಲ, ಭಾನುವಾರವೆಲ್ಲ ಉಜ್ಜಿದೆ. ಕೊನೆಯ ಗೆರೆ ಹೋದಾಗ ಎದ್ದು ನಿಂತು ಬೆನ್ನು ನೀವಿಕೊಂಡು ಯಾಸುಯೊಳನ್ನು ಕರೆದು ತೋರಿಸಿದೆ. ಅಷ್ಟು ಹೆಮ್ಮೆ ನನಗೆ. ಪುಡಿಯ ನೀರು ಮೋರಿಗೆ ಹೋಯಿತು.

ಇವತ್ತು ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಯಾಸುಯೊ ಅಂದಳು: "ಬರೆದು ಹೇಳ್ಬಿಡಿ ರೀ. ಬೈತಾರೆ, ಬೈಸ್ಕೊಳ್ಳಿ." ನನಗೆ ಅದಾಗಲಿಲ್ಲ. ಗಂಡ ಊರಿಂದ ಬರುವವರೆಗೆ ಅವನ ಕಲೆಯನ್ನು ಕಾಪಾಡುವ ಒಬ್ಬಳು ಹೆಂಗಸು, ಅಷ್ಟೇ ತಾನೆ ಎಂದುಕೊಂಡೆ. ಬೆರಳುಗವಸು ತೆಗೆದು, ಜಿಡ್ಡು ಹತ್ತಲೆಂದು ಕಿವಿಯ ಹಿಂದೆ ಹೆಬ್ಬೆರಳು ಸವರಿಕೊಂಡು, ತೊಳೆದ ಗಾಜಿನ ಮೇಲೆ ಒತ್ತಿದೆ. ಕಸುಬು ಕಲಿತ ಮೊದಲ ದಿನದಿಂದ ಮಾಡಬಾರದೆಂದು ಕಲಿತದ್ದನ್ನು ಬೇಕೆಂದೇ ಮಾಡಿದ್ದು ಇದೇ ಮೊದಲು.

ಕುಸುದಾ

---

ಇತಾಬಾಶಿ
15 ಅಕ್ಟೋಬರ್ 2021

ಇಸೊಗಾಯಿ ಅವರಿಗೆ,

ಲೆನ್ಸ್ ಇಂದು ಕಳಿಸಿದ್ದೇನೆ. ಬೂಷ್ಟು ತೆಗೆದಿದೆ, ಬಳೆ ಸಲೀಸಾಗಿ ತಿರುಗುತ್ತದೆ. ನೀವು ಹೇಳಿದ ಗುರುತು ಎರಡನೆಯ ಗಾಜಿನ ಒಳಮೈಯಲ್ಲಿದೆ.

ಒದ್ದೆ ಜಾಗದಲ್ಲಿ ಇಡಬೇಡಿ.

ಕುಸುದಾ ಕೆನ್‌ಸಾಕು

---

ಸಕಾತಾ
3 ನವೆಂಬರ್ 2021

ಕುಸುದಾ ಸಾನ್,

ಕಾಕಿ ಹಣ್ಣು ಬಂದಿವೆ, ಒಂದು ಪೆಟ್ಟಿಗೆ ಕಳಿಸಿದ್ದೇನೆ. ನಮ್ಮ ಕಡೆಯ ಕಾಕಿಗೆ ಬೀಜವಿರುವುದಿಲ್ಲ, ಹಲ್ಲಿಗೆ ತೊಂದರೆಯಿಲ್ಲ. ನಿಮ್ಮ ಪತ್ರ ಎಷ್ಟು ಚಿಕ್ಕದೆಂದರೆ, ಚಿಹಾರು "ಚಿಕ್ಕಮ್ಮಾ, ಇವರು ಅಕ್ಷರಕ್ಕಿಷ್ಟು ಅಂತ ವಸೂಲಿ ಮಾಡ್ತಾರೇನೋ" ಅಂದಳು. ಕೆಲಸದ ಕೈ ಮಾತ್ರ ಚಿನ್ನದಂಥದ್ದು.

ಲೆನ್ಸ್ ಕೈಗೆ ಬಂದ ಕೂಡಲೇ ದೀಪಕ್ಕೆ ಹಿಡಿದೆ. ಇದ್ದರು. ಅಲ್ಲೇ ಕೂತು ಅತ್ತುಬಿಟ್ಟೆ.

ನಿಮಗೆ ಒಂದು ಸುಳ್ಳು ಹೇಳಿದ್ದೆ. ನಮ್ಮವರು ಕೆಲಸದ ಮೇಲೆ ಹೋಗಿಲ್ಲ. ಎಲ್ಲಿದ್ದಾರೋ ನನಗೆ ಗೊತ್ತಿಲ್ಲ. ನಮ್ಮದು ಫಿಲ್ಮ್ ತೊಳೆದು ಚಿತ್ರ ಮಾಡಿಕೊಡುವ ಅಂಗಡಿ, ಇಸೊಗಾಯಿ ಫೋಟೊ. ಶಾಲೆಯ ಪ್ರವಾಸ, ಮದುವೆ, ಮಕ್ಕಳಿಗೆ ಮೂರು, ಐದು, ಏಳು ವರ್ಷ ತುಂಬಿದಾಗಿನ ಹಬ್ಬ, ಊರಿನವರ ಮುಖವೆಲ್ಲ ನಮ್ಮ ಯಂತ್ರದಲ್ಲೇ ತೊಳೆದು ಬರುತ್ತಿತ್ತು. ಡಿಜಿಟಲ್ ಬಂದ ಮೇಲೆ ದಿನಕ್ಕೆ ನಲವತ್ತು ಸುರುಳಿ ಹೋಗಿ ನಾಲ್ಕಾಯಿತು, ಆಮೇಲೆ ವಾರಕ್ಕೊಂದು. 2004ರ ನವೆಂಬರಿನಲ್ಲಿ ಯಂತ್ರವನ್ನು ಗುಜರಿಯವರು ಹೊತ್ತುಕೊಂಡು ಹೋದರು. ಮೂರನೆಯ ದಿನ ನಮ್ಮವರು, "ಯಂತ್ರದ ಕೀಲಿ ನನ್ನ ಹತ್ರಾನೇ ಉಳಿದಿದೆ, ಕೊಟ್ಟು ಬರ್ತೀನಿ" ಎಂದು ಹೊರಟರು. ಗುಜರಿಗೆ ಹೋದ ಯಂತ್ರಕ್ಕೆ ಕೀಲಿ ಯಾಕೆ ಎಂದು ನನಗೆ ಹೊಳೆಯಲೇ ಇಲ್ಲ. ಸಂಜೆ ಊಟಕ್ಕೆ ಮೀನು ಬೇಯಿಸಿಟ್ಟಿದ್ದೆ. ಮೊರಿಯೊ ಅಂತ ಅವರ ಹೆಸರು. ನಮಗೆ ಮಕ್ಕಳಿಲ್ಲ.

ಕೆಲಸದಲ್ಲಿ ಅವರು ಯಾವಾಗಲೂ ಬಿಳಿ ಕೈಗವಸು ಹಾಕುತ್ತಿದ್ದರು. ಆದ್ದರಿಂದ ಅವರು ಮುಟ್ಟಿದ ಸಾವಿರಾರು ಫಿಲ್ಮುಗಳ ಮೇಲೆ ಅವರ ಗುರುತೇ ಇಲ್ಲ. ಬರಿಗೈಯಲ್ಲಿ ಮುಟ್ಟಿ ಒಳಗೇ ಉಳಿದದ್ದು ಇದೊಂದೇ.

ಈಗ ಚಿಹಾರು ಕೊಟ್ಟ ಡಿಜಿಟಲ್ ಕ್ಯಾಮೆರಾಗೆ ಒಂದು ಜೋಡಿಸುವ ಬಳೆ ಹಾಕಿ ಈ ಲೆನ್ಸಿನಲ್ಲೇ ಚಿತ್ರ ತೆಗೆಯುತ್ತೇನೆ. ಬೆಳಗ್ಗೆ ಎದ್ದ ತಕ್ಷಣ ದೀಪಕ್ಕೆ ಹಿಡಿದು, "ಎದ್ರಾ? ತಿಂಡಿ ಆಯ್ತಾ?" ಎನ್ನುತ್ತೇನೆ. ನಗಬೇಡಿ. ಒಂದು ಮಾತು ಕೇಳಬೇಕು. ಗುರುತು ಮೊದಲಿಗಿಂತ ಸ್ವಲ್ಪ ದೊಡ್ಡದಾಗಿ ಕಾಣುತ್ತದೆ. ಇಷ್ಟು ವರ್ಷದಲ್ಲಿ ಗಂಡನ ಹೆಬ್ಬೆರಳಿನ ಅಳತೆಯನ್ನೂ ಮರೆತೆನೇನೋ ಎಂದು ನಾಚಿಕೆಯಾಗುತ್ತದೆ.

ಹತ್ಸುಎ

---

ಇತಾಬಾಶಿ
5 ಡಿಸೆಂಬರ್ 2021

ಇಸೊಗಾಯಿ ಸಾನ್,

ಕಾಕಿಗೆ ಧನ್ಯವಾದ. ಹೆಂಡತಿ ಅರ್ಧ ಪೆಟ್ಟಿಗೆಯನ್ನು ಅಕ್ಕಪಕ್ಕದವರಿಗೆ ಹಂಚಿದಳು. ಉಳಿದದ್ದನ್ನು ನಾನು ಮುಗಿಸಿದೆ.

ಬೂಷ್ಟು ತೆಗೆದಮೇಲೆ ಗಾಜು ತಿಳಿಯಾಗಿ ಒಳಗಿರುವುದು ದೊಡ್ಡದಾಗಿ ಕಾಣುತ್ತದೆ. ಅದಕ್ಕೆ ನೀವು ನಾಚಿಕೆಪಡಬೇಕಾದ್ದಿಲ್ಲ.

ಈಗಿನ ಗಿರಾಕಿಗಳ ಕಥೆ ಕೇಳಿ. ತೈಪೆ, ಸಿಯೋಲ್, ಶಾಂಘೈಗಳಿಂದ ಹುಡುಗರು ಬರೆಯುತ್ತಾರೆ. ನಮ್ಮ ಕಾಲದಲ್ಲಿ ಲೆನ್ಸಿನಲ್ಲಿ ಬೆಳಕು ಚೆಲ್ಲಾಡಿದರೆ ತಯಾರಿಸಿದವನು ತಲೆ ತಗ್ಗಿಸುತ್ತಿದ್ದ. ಇವರಿಗೆ ಅದೇ ಬೇಕು. ಮೊನ್ನೆ ಒಬ್ಬ ಅಂಗಡಿಗೇ ಬಂದು, "ತಾತಾ, ಇನ್ನೂ ಸ್ವಲ್ಪ ಕೆಟ್ಟಿರೋದು ಇದೆಯಾ?" ಎಂದು ಕೇಳಿದ. ಹೊಸ ಕ್ಯಾಮೆರಾ ಎಲ್ಲವನ್ನೂ ಚೊಕ್ಕವಾಗಿ ತೋರಿಸಿ ಬೇಜಾರು ಹಿಡಿಸುತ್ತದಂತೆ. ನಾನು ಜೀವಮಾನವೆಲ್ಲ ಒರೆಸಿದ್ದನ್ನು ಅವರು ಹುಡುಕಿಕೊಂಡು ಬರುತ್ತಿದ್ದಾರೆ.

ಅಂಥ ಒಬ್ಬ ತೈಪೆಯವನು ನಿಮ್ಮ ಲೆನ್ಸಿನಂಥದ್ದನ್ನೇ ಹುಡುಕುತ್ತಿದ್ದಾನೆ. ಮಾರುವ ಮನಸ್ಸಿದ್ದರೆ ನನಗೇ ಕಳಿಸಿ, ನಿಮಗೆ ನಷ್ಟವಾಗದ ಹಾಗೆ ನೋಡಿಕೊಳ್ಳುತ್ತೇನೆ. ಬದಲಿಗೆ ಅದೇ ಮಾದರಿಯ ಇನ್ನೊಂದನ್ನು ಕೊಡಲೂ ಸಿದ್ಧ. ಯೋಚಿಸಿ.

ನಿಮ್ಮ ಯಜಮಾನರ ವಿಷಯ ಗೊತ್ತಿರಲಿಲ್ಲ. ಮೊದಲೇ ಗೊತ್ತಿದ್ದರೆ ಚೆನ್ನಾಗಿತ್ತು.

ಕುಸುದಾ

---

ಸಕಾತಾ
20 ಜುಲೈ 2022

ಕುಸುದಾ ಸಾನ್,

ಚಳಿಗಾಲದಲ್ಲಿ ಬಂದ ನಿಮ್ಮ ಪತ್ರಕ್ಕೆ ಬೇಸಿಗೆಯಲ್ಲಿ ಉತ್ತರ. ಬೇಕೆಂದೇ ತಡಮಾಡಿದೆ. ಲೆನ್ಸ್ ಕೇಳಿದ್ದಕ್ಕೆ ಸ್ವಲ್ಪ ಮುನಿಸು ಬಂದಿತ್ತು. ಒಳ್ಳೆಯ ಮಾಲನ್ನು ಕಂಡರೆ ಕಸುಬಿನವರಿಗೆ ಆಸೆಯಾಗುತ್ತದೆ, ಅದು ಸಹಜ. ಆದರೆ ಇದನ್ನು ಇನ್ನೊಮ್ಮೆ ಕೇಳಬೇಡಿ.

ಜೊತೆಗೆ ಒಂದು ಚಿತ್ರ ಇಟ್ಟಿದ್ದೇನೆ, ನೋಡಿ. ನಮ್ಮ ಅಂಗಡಿಯ ಒಳಗಿನದು. ಕಿಟಕಿಯ ಮುಂದಿರುವುದು ನಮ್ಮವರು ಕೂರುತ್ತಿದ್ದ ಸ್ಟೂಲು. ಅದರ ಮೇಲೆ ಬೆಳ್ಳಗೆ ಏನೋ ಇದೆ, ಕಂಡಿತೇ? ಬಗ್ಗಿ ಕೂತು ಫಿಲ್ಮ್ ನೋಡುವವರ ಹೆಗಲಿನ ಹಾಗೆ. ಚಿಹಾರು ತನ್ನ ಫೋನಿನಲ್ಲಿ ಅಲ್ಲೇ ನಿಂತು ತೆಗೆದಳು. ಅದರಲ್ಲಿ ಬರೀ ಸ್ಟೂಲು. ನಮ್ಮ ಲೆನ್ಸಿನಲ್ಲಿ ಮಾತ್ರ ಬರುತ್ತದೆ, ಅದೂ ಬೆಳಗ್ಗೆ ಬಿಸಿಲು ಎದುರಿಗಿದ್ದಾಗ. ಈಗ ದಿನಾ ತೆಗೆಯುತ್ತಿದ್ದೇನೆ. ಒಂದೊಂದು ದಿನ ಎಡಕ್ಕೆ ಸರಿದಿರುತ್ತಾರೆ.

ನಾದಿನಿ ಬಂದಿದ್ದಳು. "ಅತ್ತಿಗೆ, ಅಣ್ಣ ಸತ್ತ ಅಂತ ಕೋರ್ಟಿನಲ್ಲಿ ಬರ್ಸಿ ಕರ್ಮ ಮುಗ್ಸೋಣ, ಹದಿನೆಂಟು ವರ್ಷ ಆಯ್ತು" ಎನ್ನುತ್ತಾಳೆ. ಚಿತ್ರ ತೋರಿಸಿದೆ. ಹೆದರಿ ಚಹಾ ಕೂಡ ಮುಗಿಸದೆ ಎದ್ದು ಹೋದಳು. ನನಗೇನೂ ಹೆದರಿಕೆಯಿಲ್ಲ. ಬದುಕಿರುವವರು ದೆವ್ವವಾಗುವುದು ಹೇಗೆ? ನೀವು ಲೆನ್ಸ್ ಬಲ್ಲವರು, ನೀವೇ ಹೇಳಿ. ಅದು ಅವರಲ್ಲವೇ?

ಹತ್ಸುಎ

---

ಇತಾಬಾಶಿ
28 ಆಗಸ್ಟ್ 2022

ಇಸೊಗಾಯಿ ಸಾನ್,

ಚಿತ್ರವನ್ನು ಬೆಂಚಿನ ಮೇಲಿಟ್ಟುಕೊಂಡು ತಿಂಗಳಾಯಿತು. ಒಂದು ದಿನ ತಿರುಗಿಸಿ ಇಟ್ಟೆ. ಮರುದಿನ ಯಾಸುಯೊ ಒರೆಸುವಾಗ ಮತ್ತೆ ನೆಟ್ಟಗೆ ಇಟ್ಟಿದ್ದಳು.

ಕಸುಬಿನವನಾಗಿ ಹೇಳುತ್ತೇನೆ, ಕೋಪ ಮಾಡಿಕೊಳ್ಳಬೇಡಿ. ಬೆರಳಿನ ಜಿಡ್ಡಿನ ಮೇಲೆ ಎದುರುಬಿಸಿಲು ಬಿದ್ದರೆ ಬೆಳಕು ಚದುರಿ ಬಿಳಿಮಬ್ಬು ಹಾಯುತ್ತದೆ. ನೀವು ನಿಂತ ಜಾಗ ಒಂದು ಗೇಣು ಬದಲಾದರೆ ಅದೂ ಸರಿಯುತ್ತದೆ. ಸ್ಟೂಲಿನ ಮೇಲೆ ಯಾರೂ ಇಲ್ಲ. ಚಿತ್ರದಲ್ಲಿರುವುದು ಜಿಡ್ಡು.

ಆ ಜಿಡ್ಡಿನ ವಿಷಯಕ್ಕೇ ನಿಮಗೊಂದು ಮಾತು ಹೇಳಬೇಕು. ಕಾಗದದಲ್ಲಿ ಬೇಡ, ಒಮ್ಮೆ ನಾನೇ ಬರುತ್ತೇನೆ. ಕಾಕಿ ಹಣ್ಣಾಗುವ ಕಾಲಕ್ಕೆ.

ಕುಸುದಾ

---

ಸಕಾತಾ
10 ಫೆಬ್ರವರಿ 2023

ಕುಸುದಾ ಸಾನ್,

ಕಾಕಿ ಹಣ್ಣಾಗಿ, ಉದುರಿ, ಹಿಮ ಬಿದ್ದಾಯಿತು. ನೀವು ಬರಲಿಲ್ಲ. ಇರಲಿ, ಈಗ ಅದಕ್ಕಿಂತ ದೊಡ್ಡ ಸಂಗತಿ ಬಂದಿದೆ.

ಸರ್ಕಾರಿ ಗೆಜೆಟ್ಟಿನಲ್ಲಿ ದಿಕ್ಕಿಲ್ಲದೆ ಸತ್ತವರ ಪ್ರಕಟಣೆ ಬರುತ್ತದಲ್ಲ, ಚಿಹಾರು ಎಷ್ಟೋ ವರ್ಷದಿಂದ ನನಗೆ ಹೇಳದೆ ಅದನ್ನು ಓದುತ್ತಿದ್ದಳಂತೆ. ಬಾಡಿಗೆ ಕೋಣೆಯಲ್ಲೇ ಸತ್ತರೂ ಗೆಜೆಟ್ಟಿನ ಭಾಷೆಯಲ್ಲಿ ಅಂಥವರೆಲ್ಲ ಪ್ರಯಾಣದಲ್ಲಿ ಸತ್ತವರು. ಕಳೆದ ವಾರ ಒಂದನ್ನು ತಂದು ನನ್ನ ಮುಂದಿಟ್ಟಳು. ಒಸಾಕಾದಲ್ಲಿ ದಿನಗೂಲಿಯವರಿರುವ ಕಡೆ, ಕೋಣೆಯೊಂದರಲ್ಲಿ ಒಬ್ಬ ಗಂಡಸು. ಅರವತ್ತೈದರಿಂದ ಎಪ್ಪತ್ತೈದು ವಯಸ್ಸು, ಎತ್ತರ ನೂರ ಅರವತ್ತೆರಡು. ಕೋಣೆ ಹಿಡಿದಿದ್ದ ಹೆಸರು ಸುಳ್ಳು. ಸಾಮಾನು: ಒಂದು ಭೂತಗನ್ನಡಿ, ಒಂದು ರೇಡಿಯೊ, ಬಿಳಿ ಹತ್ತಿಯ ಕೈಗವಸು ಆರು ಜೊತೆ. ಸತ್ತು ಬಹಳ ದಿನವಾದ ಮೇಲೆ ಸಿಕ್ಕಿದ್ದರಿಂದ ಮುಖ ಗುರುತು ಹಿಡಿಯುವ ಹಾಗಿರಲಿಲ್ಲ. ಸುಟ್ಟು ಅಸ್ಥಿಯನ್ನು ಕಚೇರಿಯಲ್ಲಿ ಇಟ್ಟಿದ್ದಾರೆ.

ಎತ್ತರ ಸರಿಯಿದೆ. ವಯಸ್ಸು ಸರಿಯಿದೆ. ಕೈಗವಸಿನ ಸಾಲನ್ನು ಮೂರು ಸಲ ಓದಿದೆ.

ಠಾಣೆಗೆ ಹೋದೆ. ಅಲ್ಲಿಯ ಸಾರ್ಜೆಂಟ್ ಒಳ್ಳೆಯ ಮನುಷ್ಯ. "ಸುಡೋಕ್ಕೆ ಮುಂಚೆ ಬೆರಳಚ್ಚು ತಗೊಂಡಿದ್ದಾರೆ ಅಮ್ಮಾ. ಯಜಮಾನರು ಮುಟ್ಟಿದ್ದು ಏನಾದ್ರೂ ಉಳಿದಿದ್ರೆ ತಾಳೆ ನೋಡ್ಬಹುದು. ಹದಿನೆಂಟು ವರ್ಷದ ಹಿಂದಿನದು ಏನು ಉಳಿದಿರತ್ತೆ, ಪಾಪ" ಎಂದ. ಉಳಿದಿದೆ ಅಂದೆ. ಲೆನ್ಸನ್ನು ಅವನ ಮೇಜಿನ ದೀಪಕ್ಕೆ ಹಿಡಿದು ತೋರಿಸಿದೆ. ಠಾಣೆಯವರೆಲ್ಲ ಎದ್ದು ಬಂದು ನೋಡಿದರು.

ಗಾಜಿನ ಹೊರಗಿನಿಂದಲೇ ಅಚ್ಚು ತೆಗೆಯಬಹುದೇ, ಬಿಚ್ಚಬೇಕೇ ಎಂದು ಕೇಳುತ್ತಿದ್ದಾರೆ. ಅದನ್ನು ಬಿಚ್ಚಿದವರು ಲೋಕದಲ್ಲಿ ಇಬ್ಬರೇ, ನಮ್ಮವರು ಮತ್ತು ನೀವು. ದಯವಿಟ್ಟು ಬೇಗ ಬರೆಯಿರಿ. ನಿಮ್ಮ ಉತ್ತರ ಬರುವವರೆಗೆ ಲೆನ್ಸ್ ಮುಟ್ಟಕೂಡದೆಂದು ಅವರಿಗೆ ಹೇಳಿ ಬಂದಿದ್ದೇನೆ.

ಹತ್ಸುಎ

---

ಸಕಾತಾ
14 ಮಾರ್ಚ್ 2023

ಕುಸುದಾ ಸಾನ್,

ನಿಮ್ಮ ಉತ್ತರ ಬರಲಿಲ್ಲ. ಕಾಯಿಲೆಯೇ? ಯಾಸುಯೊ ಸಾನ್ ಚೆನ್ನಾಗಿದ್ದಾರೆಯೇ? ಸಾರ್ಜೆಂಟ್ ಇನ್ನು ಕಾಯಲಾಗುವುದಿಲ್ಲ ಎಂದು ಹೊರಗಿನಿಂದಲೇ ಅಚ್ಚಿನ ಫೋಟೊ ತೆಗೆಸಿದ. ಚೆನ್ನಾಗಿ ಬಂತಂತೆ, ನಿನ್ನೆ ಒತ್ತಿದ ಹಾಗಿದೆ ಎಂದು ಒಸಾಕಾದವರು ಹೊಗಳಿದರಂತೆ.

ತಾಳೆಯಾಗಲಿಲ್ಲ!

ಎರಡು ಸಲ ನೋಡಿದರಂತೆ, ಆ ಗಂಡಸಿನ ಎರಡೂ ಹೆಬ್ಬೆರಳಿಗೂ ತಾಳೆಯಾಗಲಿಲ್ಲ. ಅವರಲ್ಲ. ಕುಸುದಾ ಸಾನ್, ನಮ್ಮವರು ಬದುಕಿದ್ದಾರೆ! ಠಾಣೆಯಿಂದ ಮನೆಗೆ ಹೇಗೆ ಬಂದೆನೋ ಗೊತ್ತಿಲ್ಲ. ದಾರಿಯಲ್ಲಿ ಮೀನಿನವಳು, "ಏನ್ ಹತ್ಸುಎ ಸಾನ್, ಈ ಪಾಟಿ ನಗು! ಲಾಟರಿ ಹೊಡೀತಾ?" ಅಂದಳು. ಹೊಡೀತು ಅಂದೆ.

ಹೊಸ ಹಾಸಿಗೆ ತಂದೆ, ಅವರಿಗೆಂದು ಹೊಸ ಊಟದ ಕಡ್ಡಿ ತಂದೆ. ಹದಿನೆಂಟು ವರ್ಷದಿಂದ ಆರಿಸಿದ್ದ ಅಂಗಡಿಯ ಬೋರ್ಡಿನ ದೀಪಕ್ಕೆ ಹೊಸ ಬಲ್ಬು ಹಾಕಿಸಿದ್ದೇನೆ. ಬೀದಿಯ ತುದಿಯಿಂದಲೇ ಕಾಣಬೇಕು. ಕೋರ್ಟಿನ ಮಾತು ಎತ್ತಿದರೆ ಮನೆಗೆ ಕಾಲಿಡಬೇಡ ಎಂದು ನಾದಿನಿಗೆ ಹೇಳಿಬಿಟ್ಟೆ.

ಆ ಒಸಾಕಾದವರ ಅಸ್ಥಿಯನ್ನು ಏಪ್ರಿಲ್ ಹದಿನೈದಕ್ಕೆ ದಿಕ್ಕಿಲ್ಲದವರ ಗೋರಿಯಲ್ಲಿ ಹಾಕುತ್ತಾರಂತೆ. ಅಲ್ಲಿ ಎಲ್ಲರದ್ದೂ ಬೆರೆತುಹೋಗುತ್ತದೆ, ಆಮೇಲೆ ಯಾರು ಕೇಳಿದರೂ ಸಿಗುವುದಿಲ್ಲ. ಪಾಪ, ಯಾರ ಮನೆಯ ಗಂಡಸೋ. ನಮ್ಮವರಲ್ಲ ಎಂದು ಬರೆದುಕೊಟ್ಟೆ.

ಇದೆಲ್ಲ ನಿಮ್ಮಿಂದ. ನೀವು ಆ ಗುರುತನ್ನು ಉಳಿಸದೆ ಹೋಗಿದ್ದರೆ ನಾನು ಈ ಹೊತ್ತು ಪರರ ಅಸ್ಥಿಯನ್ನು ಅಪ್ಪಿಕೊಂಡು ಅಳುತ್ತಿದ್ದೆ.

ಹತ್ಸುಎ

---

ಇತಾಬಾಶಿ
17 ಮಾರ್ಚ್ 2023, ತುರ್ತು ಅಂಚೆ

ಇಸೊಗಾಯಿ ಸಾನ್,

ಕೂತು ಓದಿ.

ಲೆನ್ಸಿನಲ್ಲಿರುವ ಹೆಬ್ಬೆಟ್ಟು ನನ್ನದು.

ನಿಮ್ಮ ಯಜಮಾನರದ್ದನ್ನು ನಾನು 2021ರ ಅಕ್ಟೋಬರಿನಲ್ಲೇ ಉಜ್ಜಿ ತೆಗೆದೆ. ಪತ್ರ ಬರುವ ಮುಂಚೆ ಕೆಲಸ ಮುಗಿಸಿಬಿಟ್ಟಿದ್ದೆ. ಆಮೇಲೆ ಹೇಳಲು ಮುಖವಿಲ್ಲದೆ ನನ್ನ ಬೆರಳನ್ನು ಒತ್ತಿ ಕಳಿಸಿದೆ. ಆ ದಿನ ಬರೆದು ಅಂಚೆಗೆ ಹಾಕದೆ ಇಟ್ಟುಕೊಂಡಿದ್ದ ಪತ್ರವನ್ನೂ ಇದರ ಜೊತೆಗೆ ಇಟ್ಟಿದ್ದೇನೆ. ಅದರಲ್ಲಿ ನಾನು ಹೇಗೆ ಹೆಮ್ಮೆಪಟ್ಟೆ ಎಂಬುದೂ ಇದೆ. ಓದಿ, ಬೈಯಿರಿ.

ಲೆನ್ಸ್ ವಾಪಸು ಕೊಳ್ಳಲು ನೋಡಿದ್ದು ಅದಕ್ಕೆ. ತೈಪೆಯವನು ಯಾರೂ ಇರಲಿಲ್ಲ. ಸಕಾತಾಕ್ಕೆ ಬರುತ್ತೇನೆಂದು ಟಿಕೆಟ್ ಕೊಂಡೆ, ಸ್ಟೇಷನ್ನಿನವರೆಗೆ ಹೋಗಿ ವಾಪಸು ಬಂದೆ. ಫೆಬ್ರವರಿಯ ನಿಮ್ಮ ಪತ್ರವನ್ನು ಓದಿ ಜೇಬಿನಲ್ಲಿಟ್ಟುಕೊಂಡು ತಿಂಗಳು ಓಡಾಡಿದೆ. ಬಿಚ್ಚಬೇಡಿ ಎನ್ನಲೂ ಧೈರ್ಯವಿಲ್ಲ, ಬಿಚ್ಚಿ ಎನ್ನಲೂ ಇಲ್ಲ. ನಿನ್ನೆ ನಿಮ್ಮ ಸಂತೋಷದ ಪತ್ರ ಬಂತು. ಯಾಸುಯೊ ಓದಿ, "ಇವತ್ತು ಬರೀದಿದ್ರೆ ನಾನೇ ರೈಲು ಹತ್ತುತ್ತೀನಿ, ನೀವು ಮನುಷ್ಯರೇನ್ರೀ" ಎಂದಳು. ಮದುವೆಯಾದ ಮೇಲೆ ಅವಳು ನನ್ನ ಮೇಲೆ ಹಾಗೆ ಕೂಗಿದ್ದಿಲ್ಲ.

ನೀವು ಮೊದಲು ಕೇಳುವ ಪ್ರಶ್ನೆ ಗೊತ್ತು. ಉಜ್ಜಿದ ಗುರುತು ಮತ್ತೆ ಬರುವುದೇ? ಬರುವುದಿಲ್ಲ. ಗಾಜಿನ ಆ ಪದರವೇ ಈಗಿಲ್ಲ. ನನ್ನಷ್ಟು ಚೆನ್ನಾಗಿ ಉಜ್ಜುವವರು ಈ ದೇಶದಲ್ಲಿ ಮೂರು ಮಂದಿ ಇರಬಹುದು. ಕೈ ಅಷ್ಟು ಪಳಗದ ಕಸುಬಿನವನ ಹತ್ತಿರ ಹೋಗಿದ್ದರೆ ಒಂದೆರಡು ಗೆರೆಯಾದರೂ ಉಳಿಯುತ್ತಿತ್ತು.

ಆದ್ದರಿಂದ ಒಸಾಕಾದವರು ನಿಮ್ಮ ಯಜಮಾನರೋ ಅಲ್ಲವೋ, ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ಹಾಗೆ ಮಾಡಿದವನು ನಾನು. ಏಪ್ರಿಲ್ ಹದಿನೈದಕ್ಕೆ ಇನ್ನೂ ದಿನಗಳಿವೆ. ಸಾರ್ಜೆಂಟಿಗೂ ಒಸಾಕಾದ ಕಚೇರಿಗೂ ನಾನೇ ಬರೆದಿದ್ದೇನೆ.

ಕ್ಷಮೆ ಕೇಳುವ ಯೋಗ್ಯತೆ ನನಗಿಲ್ಲ. ಏನು ಮಾಡಬೇಕೆಂದು ಹೇಳಿ, ಮಾಡುತ್ತೇನೆ.

ಕುಸುದಾ ಕೆನ್‌ಸಾಕು

---

ಸಕಾತಾ
3 ಏಪ್ರಿಲ್ 2023

ಕುಸುದಾ ಕೆನ್‌ಸಾಕು ಅವರಿಗೆ,

ಹದಿನೇಳು ತಿಂಗಳು ನಾನು ನಿಮ್ಮ ಹೆಬ್ಬೆಟ್ಟಿಗೆ ತಿಂಡಿ ಆಯ್ತಾ ಎಂದು ಕೇಳಿದ್ದೇನೆ. ಇದನ್ನು ನೀವು ಸಾಯುವವರೆಗೆ ನೆನಪಿಟ್ಟುಕೊಳ್ಳಬೇಕು. ಸ್ಟೂಲಿನ ಮೇಲೆ ಕೂತಿದ್ದವರೂ ನೀವೇ. ನಮ್ಮವರ ಜಾಗದಲ್ಲಿ ಬೇರೆ ಗಂಡಸನ್ನು ಕೂರಿಸಿಕೊಂಡು ಚಿತ್ರ ತೆಗೆದೆನಲ್ಲ ಎಂದು ಮೈಯೆಲ್ಲ ಹೇಸಿಗೆಯಾಗುತ್ತದೆ. ಆ ಚಿತ್ರಗಳನ್ನೆಲ್ಲ ಸುಟ್ಟೆ.

ಒಸಾಕಾಕ್ಕೆ ಹೋಗಿದ್ದೆ. ಚಿಹಾರು ಜೊತೆಗೆ ಬಂದಳು. ಕಚೇರಿಯ ಗುಮಾಸ್ತ ಎಳೆಯ ಹುಡುಗ, ಮೃದುವಾಗಿ ಮಾತಾಡಿದ. ಬಿಳಿ ಬಟ್ಟೆ ಸುತ್ತಿದ ಪೆಟ್ಟಿಗೆ ತಂದು ಮುಂದಿಟ್ಟ. ಸಾಮಾನೂ ತಂದ. ಕೈಗವಸುಗಳನ್ನು ತೊಳೆದು, ಒಳಮಗ್ಗುಲನ್ನು ಹೊರಗೆ ತಿರುಗಿಸಿ, ಎರಡನ್ನೂ ಸೇರಿಸಿ ಮಡಚಿತ್ತು. "ಚಿಹಾರು, ನೋಡೇ, ನಿಮ್ಮ ಚಿಕ್ಕಪ್ಪಾನೂ ಹೀಗೇ ಮಡಚ್ತಿದ್ರು" ಎಂದು ಕೂಗಿಬಿಟ್ಟೆ. ಗುಮಾಸ್ತ ತಲೆ ತಗ್ಗಿಸಿ, "ನಮ್ಮಪ್ಪಾನೂ ಹಾಗೇ ಮಡಚ್ತಾರಮ್ಮ. ಕಟ್ಟಡದ ಕೆಲಸದೋರು ಎಲ್ರೂ ಹಾಗೇ" ಎಂದ. ಬಟ್ಟೆ ತೊಳೆದು ತೊಳೆದು ಅದು ಫಿಲ್ಮಿನವರ ತೆಳು ಗವಸೋ ಕೂಲಿಯವರ ದಪ್ಪ ಗವಸೋ ಹೇಳುವ ಹಾಗಿರಲಿಲ್ಲ. ಕೈಗೆ ಹಾಕಿಕೊಂಡು ನೋಡಿದೆ. ಏನೂ ಗೊತ್ತಾಗಲಿಲ್ಲ.

ಪೆಟ್ಟಿಗೆಯ ಮೇಲೆ ಕೈಯಿಟ್ಟು ಒಂದು ಗಂಟೆ ಕೂತೆ. ನಮ್ಮವರೆಂದು ಮನೆಗೆ ತಂದರೆ ಬೋರ್ಡಿನ ದೀಪ ಆರಿಸಬೇಕು. ನಾಳೆ ಅವರು ಬೀದಿಯ ತುದಿಯವರೆಗೆ ಬಂದು, ಕತ್ತಲೆ ನೋಡಿ ಹಿಂದಿರುಗಿದರೆ? ನಮ್ಮವರಲ್ಲವೆಂದು ಬಿಟ್ಟು ಬಂದರೆ, ಹದಿನೈದನೆಯ ತಾರೀಖು ಅವರನ್ನು ಯಾರ ಯಾರ ಜೊತೆಗೋ ಗುಂಡಿಗೆ ಸುರಿಯುತ್ತಾರೆ. ಅವರಿಗೆ ಮೊದಲೇ ಜನಜಂಗುಳಿ ಆಗುತ್ತಿರಲಿಲ್ಲ. ಒಬ್ಬಳೇ ಹೆಂಗಸು ಒಬ್ಬ ಗಂಡನಿಗಾಗಿ ಕಾಯುತ್ತಲೂ ಇದ್ದು, ಅವನ ತಿಥಿಯನ್ನೂ ಮಾಡಲು ಆಗುವುದಿಲ್ಲ, ಕುಸುದಾ ಸಾನ್. ನನ್ನಿಂದ ಆಗುವುದಿಲ್ಲ.

ಏನು ಮಾಡಬೇಕೆಂದು ಕೇಳಿದಿರಿ. ಹೇಳುತ್ತೇನೆ. ಗುಮಾಸ್ತನನ್ನು ಕೇಳಿದ್ದೇನೆ, ನೆಂಟರೇ ಆಗಬೇಕೆಂದಿಲ್ಲ, ಜವಾಬ್ದಾರಿ ಹೊರುತ್ತೇನೆಂದು ರುಜು ಹಾಕುವವರು ಬಂದರೆ ಸಾಕಂತೆ. ನೀವು ಹೋಗಿ ಅವರನ್ನು ಕರೆದುಕೊಂಡು ಬನ್ನಿ. ನಿಮ್ಮ ಮನೆಯಲ್ಲಿ ಇಟ್ಟುಕೊಳ್ಳಿ. ದಿನಾ ಅನ್ನ ನೀರು ಇಡಿ, ಊದುಬತ್ತಿ ಹಚ್ಚಿ, ಹಗಲಿರುಳು ಸಮವಾಗುವ ವಿಷುವದಲ್ಲಿ ಸತ್ತವರಿಗೆ ಮಾಡಬೇಕಾದ್ದನ್ನು ಮಾಡಿ. ಅವರು ನಮ್ಮವರಾದರೆ ಸತ್ತವರಿಗೆ ಸಲ್ಲಬೇಕಾದ್ದು ಸಲ್ಲುತ್ತದೆ. ಅಲ್ಲವಾದರೂ ಯಾರಿಗೋ ಸಲ್ಲುತ್ತದೆ. ನಾನು ಅವರು ಬದುಕಿದ್ದಾರೆಂದು ಕಾಯುತ್ತೇನೆ. ಸತ್ತಿದ್ದಾರೆಂದು ನೀವು ನೋಡಿಕೊಳ್ಳಬೇಕು.

ಲೆನ್ಸನ್ನು ವಾಪಸು ಕಳಿಸುತ್ತಿದ್ದೇನೆ. ಏನಾದರೂ ಮಾಡಿಕೊಳ್ಳಿ.

ಇನ್ನು ನನಗೆ ಬರೆಯಬೇಡಿ. ಅವರನ್ನು ತಂದ ಮೇಲೆ ಒಂದೇ ಒಂದು ಸಲ, ತಂದೆ ಎಂದು ತಿಳಿಸಿ.

ಇಸೊಗಾಯಿ ಹತ್ಸುಎ

---

ಇತಾಬಾಶಿ
20 ಏಪ್ರಿಲ್ 2023

ಇಸೊಗಾಯಿ ಹತ್ಸುಎ ಅವರಿಗೆ,

ತಂದೆ. ಹನ್ನೆರಡನೆಯ ತಾರೀಖು.

ಅರ್ಜಿಯಲ್ಲಿ, ಸತ್ತವರಿಗೂ ನಿಮಗೂ ಏನು ಸಂಬಂಧ ಎಂಬ ಸಾಲಿತ್ತು. ಬಹಳ ಹೊತ್ತು ಪೆನ್ನು ಹಿಡಿದು ಕೂತೆ. ಗುಮಾಸ್ತ, "ಪರಿಚಯದವರು ಅಂತ ಬರೆದ್ರೆ ಸಾಕು ತಾತಾ" ಎಂದ. ಹಾಗೇ ಬರೆದೆ. ರೈಲಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದೆ. ಪಕ್ಕದ ಹೆಂಗಸು ಬಿಳಿ ಬಟ್ಟೆ ನೋಡಿ, "ನಿಮ್ಮ ಅಣ್ಣನವರಾ?" ಎಂದು ಕೇಳಿದಳು. ಹೌದು ಅಂದೆ.

ಯಾಸುಯೊ ಬಾಗಿಲಲ್ಲೇ ನಿಂತಿದ್ದಳು. "ದಾರೀಲಿ ದಣಿವಾಯ್ತಾ? ಬನ್ನಿ ಒಳಗೆ" ಎಂದು ಪೆಟ್ಟಿಗೆಗೆ ಹೇಳಿ, ಎರಡೂ ಕೈಯಲ್ಲಿ ಇಸಿದುಕೊಂಡಳು. ನನ್ನನ್ನು ಮಾತಾಡಿಸಲಿಲ್ಲ. ಮನೆಯ ಪೂಜೆಯ ಗೂಡಿನಲ್ಲಿ, ತೀರಿಕೊಂಡ ನನ್ನ ತಂದೆ ತಾಯಿಯರ ಪಕ್ಕದಲ್ಲಿ ಜಾಗ ಮಾಡಿಕೊಟ್ಟಳು.

ದಿನಾ ಬೆಳಗ್ಗೆ ಮೊದಲ ಅನ್ನ ಅವರಿಗೆ. ಅನ್ನ ಇಡುವುದು ನಾನೇ, ಯಾಸುಯೊಗೆ ಅದನ್ನು ಮುಟ್ಟಲು ಬಿಡುವುದಿಲ್ಲ. ಇಟ್ಟು ಕೈಮುಗಿದು, "ಮೊರಿಯೊ ಸಾನ್, ನೀವೇ ಆಗಿದ್ದರೆ, ಸಕಾತಾದ ಅಂಗಡಿಯಲ್ಲಿ ದೀಪ ಉರಿಯುತ್ತಿದೆ, ನಿಮ್ಮವರು ಕಾಯುತ್ತಿದ್ದಾರೆ" ಎಂದು ಪೆಟ್ಟಿಗೆಗೆ ಹೇಳುತ್ತೇನೆ. "ನೀವು ಇಲ್ಲಿದ್ದೀರೆಂದು ಅವರಿಗೆ ಹೇಳುವ ಹಾಗಿಲ್ಲ" ಎಂದೂ ಹೇಳುತ್ತೇನೆ. ಅನ್ನದ ಹಬೆ ನಿಲ್ಲುವವರೆಗೆ ಅವರ ಮುಂದೆ ಕೂತಿರುತ್ತೇನೆ.

ಕುಸುದಾ ಕೆನ್‌ಸಾಕು